ಮುದ್ದಿಗಿಂತ ಮೊದಲು ಚಾಪೆ

ಆರು ವರ್ಷದ ನಾಯಿಗೆ ಮೆಟ್ಟಿಲು ಹತ್ತಲು ಬರುವುದಿಲ್ಲ ಎಂದರೆ ಬಹಳ ಜನ ನಂಬುವುದಿಲ್ಲ. ಹುಲ್ಲಿನ ಮೇಲೆ ಕಾಲಿಡಲು ಹೆದರುತ್ತದೆ. ಬಿಸಿಲಿಗೆ ಬಿಟ್ಟರೆ ಗೋಡೆಗೆ ಮುಖ ಹಾಕಿ ನಿಲ್ಲುತ್ತದೆ. ಬಿಸ್ಕತ್ತು ಕೊಟ್ಟರೆ ಮೂಸಿ ಸುಮ್ಮನಾಗುತ್ತದೆ, ಅದು ತಿನ್ನುವ ವಸ್ತು ಅಂತಲೇ ಗೊತ್ತಿಲ್ಲ. ಬೆಂಗಳೂರಿನ ಹೊರವಲಯದ ತಗಡಿನ ಶೆಡ್ಡುಗಳಲ್ಲಿ ಮರಿ ಹಾಕಿಸುವುದಕ್ಕೆಂದೇ ಇಟ್ಟುಕೊಂಡಿದ್ದ ಹೆಣ್ಣುನಾಯಿಗಳು ಹೀಗಿರುತ್ತವೆ. ಅವನ್ನು ಬಿಡಿಸಿ ತಂದವರು ಖಾಯಂ ಮನೆ ಸಿಗುವವರೆಗೆ ನನ್ನಂಥವರ ಮನೆಯಲ್ಲಿ ಬಿಡುತ್ತಾರೆ. ನಾನು ವಿದ್ಯಾರಣ್ಯಪುರದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಬೆಳಗಿನಿಂದ ಸಂಜೆಯವರೆಗೆ ಒಂದೇ ಜಾಗದಲ್ಲಿ, ಒಂದೇ ಸದ್ದು ಮಾಡುತ್ತಾ ಕೂತಿರುವ ಮನುಷ್ಯರು ಈ ನಾಯಿಗಳಿಗೆ ಬಹಳ ಅನುಕೂಲ.

2022ರಲ್ಲಿ ಬಂದ ‘777 ಚಾರ್ಲಿ’ ನೋಡಿ ಅತ್ತವರಿಗೆ ಈ ಲೋಕದ ಒಂದು ತುದಿ ಗೊತ್ತಿರುತ್ತದೆ. ಚಾರ್ಲಿ ಇಂಥದೇ ಬ್ರೀಡರನ ಕೈಯಿಂದ ತಪ್ಪಿಸಿಕೊಂಡು ಬಂದವಳು. ಅವಳ ಕಾಯಿಲೆಯ ಬೇರೂ ಒಂದೇ ರಕ್ತದ ನಾಯಿಗಳನ್ನು ಕೂಡಿಸಿದ್ದರಲ್ಲೇ ಇತ್ತು. ಆದರೆ ಸಿನಿಮಾದ ಚಾರ್ಲಿ ತುಂಟಿ. ಮನೆ ತುಂಬ ಓಡುತ್ತಾಳೆ, ಸಾಮಾನು ಹಾಳು ಮಾಡುತ್ತಾಳೆ. ನನ್ನ ಮನೆಗೆ ಬರುವವು ಏನನ್ನೂ ಹಾಳು ಮಾಡುವುದಿಲ್ಲ. ಇಟ್ಟ ಕಡೆ ಇರುತ್ತವೆ. ‘ಎಷ್ಟು ಸಾಧು ನಾಯಿ ರೀ!’ ಅಂತ ಬಂದವರು ಹೊಗಳುತ್ತಾರೆ. ಅದು ಸಾಧುತನ ಅಲ್ಲ, ಹೆದರಿ ಮರಗಟ್ಟಿರುವುದು.

ಈಗ ಇರುವವಳು ಸುಬ್ಬಿ, ಲ್ಯಾಬ್ರಡಾರ್. ಬಂದಾಗ ಉಗುರುಗಳು ಬೆಳೆದು ಕೊಕ್ಕೆಯಂತೆ ಬಾಗಿದ್ದವು, ತಂತಿಯ ನೆಲದ ಮೇಲೆ ನಿಂತು ನಿಂತು ಬೆರಳುಗಳು ಅಗಲವಾಗಿ ಚದುರಿದ್ದವು. ಪಂಜರದ ಸರಳು ಕಡಿದು ಮುಂದಿನ ಹಲ್ಲುಗಳು ಸವೆದಿದ್ದವು. ಹೊಟ್ಟೆಯ ಕೆಳಗೆ ಮೊಲೆಗಳು ಜೋತುಬಿದ್ದಿದ್ದವು. ಎಷ್ಟು ಸೂಲು ಮರಿ ಹಾಕಿದ್ದಳೋ, ಆ ಲೆಕ್ಕ ಇಟ್ಟವರು ಯಾರೂ ಇಲ್ಲ.

ಇವು ಯಾಕೆ ಹೀಗೆ? ಹೊಡೆತ ತಿಂದಿರಬೇಕು ಅಂತ ಎಲ್ಲರೂ ಊಹಿಸುತ್ತಾರೆ. ಕೆಲವು ತಿಂದಿರಲೂಬಹುದು. ಆದರೆ ಹೆಚ್ಚಿನ ಸಲ ನಡೆದಿರುವುದು ಇನ್ನೊಂದು: ಅವುಗಳಿಗೆ ಏನೂ ಆಗಿಲ್ಲ, ಏನೆಂದರೆ ಏನೂ. ನಾಯಿಮರಿಗೆ ಮೂರನೇ ವಾರದಿಂದ ಸುಮಾರು ಹನ್ನೆರಡು ಹದಿನಾಲ್ಕನೇ ವಾರದವರೆಗೆ ಒಂದು ಕಾಲ ಇರುತ್ತದೆ. ಮನುಷ್ಯ, ಪೊರಕೆ, ಆಟೋ, ಮಕ್ಕಳ ಗಲಾಟೆ, ಆಗ ಕಂಡಿದ್ದೆಲ್ಲ ಲೋಕದ ಸಹಜ ಸಂಗತಿ. ಆಗ ಕಾಣದ್ದು ಆಮೇಲೆ ಭೂತ. 1961ರಲ್ಲಿ ಅಮೆರಿಕದ ಮೇಯ್ನ್ ರಾಜ್ಯದ ಒಂದು ಪ್ರಯೋಗಾಲಯದ ಸಂಶೋಧಕರು ಇದನ್ನು ಪರೀಕ್ಷಿಸಿ ಬರೆದರು. ಬೇಲಿ ಹಾಕಿದ ಬಯಲಿನಲ್ಲಿ ಮನುಷ್ಯ ಸಂಪರ್ಕವೇ ಇಲ್ಲದೆ ಮರಿಗಳನ್ನು ಬೆಳೆಸಿ, ಬೇರೆ ಬೇರೆ ವಯಸ್ಸಿನಲ್ಲಿ ಜನರ ಕೈಗೆ ಕೊಟ್ಟರು. ಹದಿನಾಲ್ಕು ವಾರದವರೆಗೆ ಮನುಷ್ಯರ ಒಡನಾಟ ಸಿಗದ ಮರಿಗಳು ಕಾಡುಪ್ರಾಣಿಗಳಂತೆ ದೂರವೇ ಉಳಿದವು. ಶೆಡ್ಡಿನಲ್ಲಿ ಹುಟ್ಟಿ ಶೆಡ್ಡಿನಲ್ಲೇ ಬೆಳೆದ ಸುಬ್ಬಿಗೆ ಆ ಕಾಲ ತಗಡಿನ ಕತ್ತಲೆಯಲ್ಲೇ ಕಳೆದುಹೋಯಿತು.

2011ರಲ್ಲಿ ಫ್ರಾಂಕ್ಲಿನ್ ಮೆಕ್‌ಮಿಲನ್ ಎಂಬ ಪಶುವೈದ್ಯರೂ ಅವರ ಜೊತೆಯವರೂ ಇಂಥ ಕಡೆಗಳಿಂದ ಮನೆ ಸೇರಿದ 1,169 ನಾಯಿಗಳ ಬಗ್ಗೆ ಅವುಗಳ ಮನೆಯವರಿಂದ ಮಾಹಿತಿ ಪಡೆದು, ಸಾಮಾನ್ಯ ಸಾಕುನಾಯಿಗಳೊಂದಿಗೆ ಹೋಲಿಸಿದರು. ಮನೆ ಸೇರಿದ ಮೇಲೂ ಭಯ ಹೆಚ್ಚು, ಮುಟ್ಟಿದರೆ ಮುದುಡುವುದು ಹೆಚ್ಚು, ಮನೆಯೊಳಗೆ ಗಲೀಜು ಮಾಡುವುದು ಹೆಚ್ಚು. ಅಪರಿಚಿತರ ಮೇಲೆ ಎಗರುವುದು ಮಾತ್ರ ಕಡಿಮೆ. ಎಗರುವುದಕ್ಕೂ ಒಂದಿಷ್ಟು ಧೈರ್ಯ ಬೇಕಲ್ಲ!

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? ಮೊದಲು ಚಾಪೆ ಹಾಸಬೇಕು. ತಮಾಷೆ ಅಲ್ಲ. ನಮ್ಮ ಮನೆಗಳ ವಿಟ್ರಿಫೈಡ್ ಟೈಲ್ಸ್ ಇವುಗಳಿಗೆ ಜಾರುಗುಪ್ಪೆ. ಒಮ್ಮೆ ಜಾರಿ ಬಿದ್ದ ಜಾಗಕ್ಕೆ ಮತ್ತೆ ಕಾಲಿಡುವುದಿಲ್ಲ. ಹಾಸಿಗೆಯಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಹಿತ್ತಲ ಬಾಗಿಲಿಗೆ ಹಳೆ ಚಾಪೆ, ಯೋಗ ಮ್ಯಾಟು, ಗೋಣಿಚೀಲ ಏನಾದರೂ ಸಾಲಾಗಿ ಹಾಸಿ. ಸುಬ್ಬಿ ಬಹಳ ದಿನ ಆ ದಾರಿ ಬಿಟ್ಟು ಆಚೀಚೆ ಹೋಗಲಿಲ್ಲ. ಹಾಲ್‌ನಲ್ಲಿ ನೆಂಟರು ಕೂತಿದ್ದರೂ ಅವರ ಕಾಲಸಂದಿಯಲ್ಲಿ ಹಾದುಹೋದ ಚಾಪೆಯ ಮೇಲೇ ನಡೆಯುತ್ತಿದ್ದಳು. ಮಲಗುವ ಜಾಗ ಮೂಲೆಯಲ್ಲಿರಲಿ, ಎರಡು ಕಡೆ ಗೋಡೆ ಇರಲಿ, ಓಡಾಟದ ದಾರಿಯಲ್ಲಿ ಬೇಡ. ಅಡುಗೆಮನೆಯಿಂದ ಆದಷ್ಟು ದೂರ. ಕುಕ್ಕರ್ ವಿಷಲ್ಲು, ಮಿಕ್ಸಿ, ತಲೆಯ ಮೇಲೆ ತಿರುಗುವ ಫ್ಯಾನು, ನಮಗೆ ಕೇಳಿಸುವುದನ್ನೇ ಬಿಟ್ಟ ಸದ್ದುಗಳು ಇವಕ್ಕೆ ಒಂದೊಂದೂ ಆಪತ್ತು.

ಆಮೇಲೆ, ಮುಟ್ಟಬೇಡಿ. ಇದನ್ನು ಜನರಿಗೆ ಒಪ್ಪಿಸುವಷ್ಟರಲ್ಲಿ ನನಗೆ ಸಾಕಾಗುತ್ತದೆ. ‘ಪಾಪ’ ಅಂತ ರಾಗ ಎಳೆಯುತ್ತಾ, ಎದುರಿಗೆ ಬಗ್ಗಿ, ಕಣ್ಣಲ್ಲಿ ಕಣ್ಣಿಟ್ಟು, ತಲೆಯ ಮೇಲೆ ಕೈ ತರುತ್ತಾರೆ. ಆ ನಾಯಿಗೆ ಇದುವರೆಗೆ ಮೇಲಿಂದ ಇಳಿದ ಕೈ ಬಂದಿದ್ದು ಕತ್ತುಪಟ್ಟಿ ಹಿಡಿದು ಎಳೆಯಲು, ಇಲ್ಲವೇ ಮರಿ ಎತ್ತಿಕೊಂಡು ಹೋಗಲು. ನೆಲದ ಮೇಲೆ ಓರೆಯಾಗಿ, ಬೆನ್ನು ಅರ್ಧ ತಿರುಗಿಸಿ ಕೂತುಕೊಳ್ಳಿ. ನಾನು ಬ್ಲೌಸಿಗೆ ಹುಕ್ಕು ಹಾಕುವ ಕೆಲಸವನ್ನು ಅಲ್ಲೇ ಇಟ್ಟುಕೊಳ್ಳುತ್ತೇನೆ. ಬೇಯಿಸಿದ ಕೋಳಿಯ ಚೂರನ್ನು ಅವಳ ಹತ್ತಿರಕ್ಕಲ್ಲ, ಅವಳನ್ನು ದಾಟಿ ಹಿಂದಕ್ಕೆ ಎಸೆಯುತ್ತೇನೆ. ಹಾಗೆಸೆದರೆ ತಿನ್ನಲು ನನ್ನಿಂದ ದೂರ ಹೋಗಬಹುದು. ದೂರ ಹೋಗಲು ದಾರಿ ಇದೆ ಅಂತ ಗೊತ್ತಾದ ನಾಯಿ ತಾನಾಗಿ ಹತ್ತಿರ ಬರುತ್ತದೆ. ಕೈಯಲ್ಲಿ ಹಿಡಿದು ‘ಬಾ ಬಾ’ ಎಂದು ಆಸೆ ತೋರಿಸಿದರೆ ಹಸಿವು ಒಂದು ಕಡೆ, ಭಯ ಒಂದು ಕಡೆ ಎಳೆದಾಡುತ್ತವೆ.

ಬಾಗಿಲ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು. ಹೊಸದರಲ್ಲಿ ಗೇಟು ತೆರೆದು ಸಿಕ್ಕರೆ ಇವು ಓಡುತ್ತವೆ, ಕರೆದಷ್ಟೂ ದೂರ ಓಡುತ್ತವೆ. ಬರಿಯ ಕತ್ತುಪಟ್ಟಿ ಸಾಲದು, ಹಿಂದಕ್ಕೆ ಜಗ್ಗಿದರೆ ತಲೆ ನುಸುಳುತ್ತದೆ. ಎದೆಗೆ ಹಾರ್ನೆಸ್, ಕತ್ತಿಗೆ ಪಟ್ಟಿ, ಎರಡಕ್ಕೂ ಹಗ್ಗ. ಅಕ್ಕಪಕ್ಕದವರು ನಕ್ಕರೆ ನಗಲಿ.

ಒಂದು ಎರಡರ ಪಾಠ ನಿಧಾನ. ಉಂಡಲ್ಲೇ, ಮಲಗಿದಲ್ಲೇ ಮಾಡಿಕೊಂಡು ಬದುಕಿದವಕ್ಕೆ ‘ಹೊರಗೆ’ ಎಂಬ ಕಲ್ಪನೆಯೇ ಇಲ್ಲ. ಬೈಯಬೇಡಿ. ಬೈದರೆ ಕಲಿಯುವುದು ನಿಮಗೆ ಕಾಣದಂತೆ ಮಂಚದ ಕೆಳಗೆ ಮಾಡುವುದನ್ನು ಮಾತ್ರ. ಉಚ್ಚೆಯಿಂದ ಒದ್ದೆಯಾದ ಪೇಪರನ್ನು ಹಿತ್ತಲಲ್ಲಿ ಹಾಕಿ, ಅದೇ ಹೊತ್ತಿಗೆ, ಅದೇ ಬಾಗಿಲಿನಿಂದ, ಅದೇ ಮೂಲೆಗೆ ಕರೆದೊಯ್ಯಿರಿ. ನನ್ನ ಅನುಭವದಲ್ಲಿ ಈ ‘ಅದೇ’ ಎಂಬುದೇ ಔಷಧಿ. ಊಟ, ದೀಪ, ಹೊಲಿಗೆ ಮಿಷನ್ನಿನ ಸದ್ದು, ನಿದ್ದೆ ಎಲ್ಲ ನಿನ್ನೆಯಂತೆಯೇ. ನಮಗೆ ಬೇಜಾರು ಹಿಡಿಸುವ ದಿನಚರಿ ಈ ನಾಯಿಗೆ ನೆಮ್ಮದಿ. ಪ್ರೀತಿ ಸುರಿದು ಬೇಗ ಸರಿಮಾಡುತ್ತೇನೆ ಅಂತ ಹೊರಟವರೇ ಬೇಗ ಸೋತು ವಾಪಸ್ ತಂದುಬಿಡುತ್ತಾರೆ.

ಗುರುಗಳೆಂದರೆ ನಮ್ಮ ರಾಮು, ಬೀದಿಯಿಂದ ಬಂದ ನಾಡನಾಯಿ. ನಾನು ತಿಂಗಳಾನುಗಟ್ಟಲೆ ಹೇಳಿಕೊಟ್ಟರೂ ಬರದ್ದನ್ನು ಅವನು ಮಾಡಿ ತೋರಿಸಿ ಕಲಿಸುತ್ತಾನೆ. ಮೆಟ್ಟಿಲು ಅವನಿಂದ, ಹುಲ್ಲು ಅವನಿಂದ. ಪೋಸ್ಟ್‌ಮ್ಯಾನ್ ಬಂದರೆ ಸಾಯುವುದಿಲ್ಲ ಎಂಬುದೂ ಅವನಿಂದಲೇ. ಮನೆಯಲ್ಲಿ ಶಾಂತ ಸ್ವಭಾವದ ಇನ್ನೊಂದು ನಾಯಿ ಇದ್ದರೆ ಅರ್ಧ ಕೆಲಸ ಮುಗಿದಂತೆ.

ಇಷ್ಟೆಲ್ಲದರ ಜೊತೆಗೆ ವೈದ್ಯರು. ಹಲ್ಲು, ಉಣ್ಣಿಜ್ವರದ ಪರೀಕ್ಷೆ, ಗರ್ಭಕೋಶದ ಸೋಂಕು, ಮೊಲೆಯ ಗಂಟುಗಳು, ಆಮೇಲೆ ಸಂತಾನಹರಣ. ಉಣ್ಣದೆ, ನಿದ್ದೆ ಮಾಡದೆ ನಡುಗುತ್ತಲೇ ಇರುವ ನಾಯಿಗೆ ಭಯ ತಗ್ಗಿಸುವ ಮಾತ್ರೆಗಳೂ ಇವೆ. ಮನುಷ್ಯರಿಗೆ ಕೊಡುವ ಫ್ಲುಆಕ್ಸೆಟಿನ್‌ನಂಥವೇ. ‘ನಾಯಿಗೂ ಮನೋರೋಗದ ಮಾತ್ರೆಯಾ?’ ಅಂತ ನಗುವವರಿದ್ದಾರೆ. ಕೈಗೆ ಸಿಕ್ಕ ಮಾತ್ರೆ ನಾವೇ ಕೊಡುವಂತಿಲ್ಲ, ವೈದ್ಯರು ತೂಕ ನೋಡಿ ಬರೆಯಬೇಕು, ಪರಿಣಾಮ ಕಾಣಲು ವಾರಗಳು ಬೇಕು. ದೀಪಾವಳಿಗೆ ಏನು ಕೊಡಬೇಕೆಂದು ದಸರೆ ಹೊತ್ತಿಗೇ ಕೇಳಿಟ್ಟುಕೊಳ್ಳಿ.

ಕಾನೂನು ಇಲ್ಲವೆಂದಲ್ಲ. 2017ರ ಕೇಂದ್ರದ ನಿಯಮಗಳ ಪ್ರಕಾರ ಬ್ರೀಡರ್ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು. ಹದಿನೆಂಟು ತಿಂಗಳು ತುಂಬದ ಹೆಣ್ಣುನಾಯಿಯನ್ನು ಕೂಡಿಸುವಂತಿಲ್ಲ, ಜೀವಮಾನದಲ್ಲಿ ಐದು ಸೂಲಿಗಿಂತ ಹೆಚ್ಚು ಮಾಡಿಸುವಂತಿಲ್ಲ, ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಆದರೆ ಇದಕ್ಕೆಲ್ಲ ತಾಯಿಯಾದ 1960ರ ಕಾಯ್ದೆಯಲ್ಲಿ ಪ್ರಾಣಿಹಿಂಸೆಗೆ ಮೊದಲ ಸಲದ ದಂಡ ಹತ್ತರಿಂದ ಐವತ್ತು ರೂಪಾಯಿ. ಈ ದುಡ್ಡಿಗೆ ನಾನು ಫಾಲ್ಸ್ ಕೂಡ ಹೊಲಿದುಕೊಡುವುದಿಲ್ಲ.

ಮೊನ್ನೆ ಅಳತೆ ಕೊಡಲು ಬಂದಿದ್ದ ಹೆಂಗಸೊಬ್ಬರು ಸುಬ್ಬಿಯನ್ನು ನೋಡಿ, ಮಗಳ ಹುಟ್ಟುಹಬ್ಬಕ್ಕೆ ಲ್ಯಾಬ್ ಮರಿಯೊಂದನ್ನು ಗೊತ್ತು ಮಾಡಿರುವುದಾಗಿ ಹೇಳಿದರು. ಮರಿಯ ಜೊತೆ ತಾಯಿಯನ್ನೂ, ಅದಿರುವ ಜಾಗವನ್ನೂ ನೋಡಬೇಕು ಅಂತ ಕೇಳಿ ಅಂದೆ. ಅಲ್ಲೇ ನಿಂತು ಸ್ಪೀಕರ್ ಹಾಕಿ ಮರಿ ಮಾರುವವನಿಗೆ ಫೋನ್ ಮಾಡಿದರು. ‘ತಾಯಿ ಊರಲ್ಲಿದೆ ಮೇಡಂ, ಮರಿ ನಾವೇ ಮೆಟ್ರೋ ಸ್ಟೇಷನ್ ಹತ್ರ ತಂದುಕೊಡ್ತೀವಿ, ಕ್ಯಾಶ್ ರೆಡಿ ಇಟ್ಕೊಳಿ’ ಎಂಬ ಉತ್ತರ ಬಂತು. ಅವರು ನನ್ನ ಮುಖ ನೋಡಿದರು, ಮತ್ತೆ ಮೂಲೆಯಲ್ಲಿದ್ದ ಸುಬ್ಬಿಯನ್ನು ನೋಡಿದರು. ಯೋಚನೆ ಮಾಡಿ ಹೇಳ್ತೀನಿ ಅಂತ ಅವನಿಗೆ ಹೇಳಿ ಫೋನ್ ಇಟ್ಟು, ತೋಳು ಅರ್ಧ ಇಂಚು ಸಡಿಲ ಇರಲಿ ಅಂತ ನನಗೆ ಹೇಳಿದರು.