ಮಸಿ ಹೇಳಿದ ಸಾಕ್ಷಿ

1986ರ ಮೇ ತಿಂಗಳು. ಅಮೆರಿಕದ ಎಂಐಟಿಯಲ್ಲಿ ಮಾರ್ಗಟ್ ಓ'ಟೂಲ್ ಎಂಬ ಯುವ ಸಂಶೋಧಕಿ ಇಲಿಗಳ ವಂಶಾವಳಿ ಹುಡುಕುತ್ತಾ ಪ್ರಯೋಗಶಾಲೆಯ ನೋಟ್‌ಬುಕ್ ಮಗುಚುತ್ತಿದ್ದರು. ಎಷ್ಟು ಹೆಣಗಿದರೂ ತಮ್ಮ ಕೈಗೆ ಒಲಿಯದ ಪ್ರಯೋಗದ್ದೇ ಲೆಕ್ಕವಿದ್ದ 17 ಪುಟಗಳು ಅಲ್ಲಿ ಸಿಕ್ಕವು. ಹಿಂದಿನ ತಿಂಗಳಷ್ಟೇ 'ಸೆಲ್' ಪತ್ರಿಕೆಯಲ್ಲಿ ಅಚ್ಚಾಗಿದ್ದ ಪ್ರಬಂಧಕ್ಕೂ ಆ ಪುಟಗಳಿಗೂ ಅವರ ಕಣ್ಣಿಗೆ ತಾಳೆ ಕಾಣಲಿಲ್ಲ. ಪ್ರಯೋಗ ನಡೆಸಿದವರು ಅವರ ಮೇಲಿನವರೇ, ತೆರೇಜಾ ಇಮಾನಿಶಿ-ಕಾರಿ. ಸಹಲೇಖಕರಲ್ಲಿ ಒಬ್ಬರು ನೊಬೆಲ್ ಪಡೆದ ಡೇವಿಡ್ ಬಾಲ್ಟಿಮೋರ್.

ಓ'ಟೂಲ್ ಅವರ ದೂರನ್ನು ವಿಶ್ವವಿದ್ಯಾಲಯದವರು ವಿಚಾರಿಸಿ, ಮೋಸವೇನಿಲ್ಲ ಅಂದರು. ಹಣ ಕೊಟ್ಟಿದ್ದ ಸರ್ಕಾರಿ ಸಂಸ್ಥೆ ಎನ್‌ಐಎಚ್‌ಗೆ ಇಂಥ ದೂರು ವಿಚಾರಿಸಲೆಂದೇ ಒಂದು ಕಚೇರಿಯೂ ಆಗ ಇರಲಿಲ್ಲ. ಅದು ಹುಟ್ಟಿದ್ದು 1989ರಲ್ಲಿ; 1992ರಲ್ಲಿ ಅದರ ಜಾಗಕ್ಕೆ ಓಆರ್‌ಐ ಬಂತು. ಅಂದರೆ ಕೇಸು ನಡೆಯುತ್ತಿರುವಾಗಲೇ ಠಾಣೆ ಕಟ್ಟಿದ ಹಾಗೆ.

ಅಷ್ಟರಲ್ಲಿ ಸಂಸದ ಜಾನ್ ಡಿಂಗೆಲ್ ಅವರ ಉಪಸಮಿತಿ ನೋಟ್‌ಬುಕ್‌ಗಳನ್ನು ಸೀಕ್ರೆಟ್ ಸರ್ವಿಸ್‌ಗೆ ಒಪ್ಪಿಸಿತ್ತು. ಅಧ್ಯಕ್ಷರನ್ನು ಕಾಯುವ, ಖೋಟಾನೋಟು ಹಿಡಿಯುವ ಇಲಾಖೆಗೆ ಇಲಿಯ ಲೆಕ್ಕ! ಅವರಿಗೆ ಜೀವಶಾಸ್ತ್ರ ಬೇಕಿರಲಿಲ್ಲ. ಕಾಗದ, ಮಸಿ ಸಾಕಿತ್ತು. ವಿಕಿರಣ ಎಣಿಸುವ ಯಂತ್ರ ಉಗುಳಿದ ಕಾಗದದ ಪಟ್ಟಿಗಳನ್ನು ನೋಟ್‌ಬುಕ್‌ನಲ್ಲಿ ಅಂಟಿಸಲಾಗಿತ್ತು. ಅದೇ ಯಂತ್ರ ಬಳಸಿದ ಇತರರ, ತಾರೀಖು ಗಟ್ಟಿಯಿದ್ದ ಪಟ್ಟಿಗಳ ಪಕ್ಕ ಇವನ್ನಿಟ್ಟು ಕಾಗದದ ಬಣ್ಣ, ರಿಬ್ಬನ್ ಮಸಿಯ ಗಾಢತೆ, ಅಕ್ಷರದ ಅಚ್ಚು ಹೋಲಿಸಿದರು. ಕೆಲವು ಪಟ್ಟಿಗಳು ಪುಟದ ಮೇಲಿನ ತಾರೀಖಿಗಿಂತ ಹಳೆಯವು ಎಂಬುದು ಅವರ ತೀರ್ಮಾನ.

ಓಆರ್‌ಐನ ಸಂಖ್ಯಾಶಾಸ್ತ್ರಜ್ಞರು ಹಿಡಿದ ದಾರಿ ನನಗೆ ಇನ್ನೂ ಹಿಡಿಸುತ್ತದೆ. ದೊಡ್ಡ ಎಣಿಕೆಗಳಲ್ಲಿ ಕೊನೆಯ ಅಂಕಿಗೆ ಪಕ್ಷಪಾತವಿರುವುದಿಲ್ಲ. ಸೊನ್ನೆಯಿಂದ ಒಂಬತ್ತರವರೆಗೆ ಎಲ್ಲವೂ ಹೆಚ್ಚುಕಮ್ಮಿ ಸಮವಾಗಿ ಬರಬೇಕು. ಕೂತು ಹೊಸೆದರೆ ಹಾಗಾಗದು. ಒಂದೊಂದು ಕೈಗೆ ಒಂದೊಂದು ಅಂಕಿಯ ಮೋಹ. ವರ್ಷದ ಕಿರ್ದಿಯನ್ನು ಒಂದೇ ರಾತ್ರಿ ಬರೆದ ಗುಮಾಸ್ತ ಸಿಕ್ಕಿಬೀಳುವುದೂ ಹೀಗೆಯೇ: ಎಲ್ಲ ಪುಟಕ್ಕೂ ಒಂದೇ ಮಸಿ, ಒಂದೇ ಬಗೆಯ ಅಂಕಿ. ನೋಟ್‌ಬುಕ್‌ನ ಕೈಬರಹದ ಎಣಿಕೆಗಳಲ್ಲಿ ಕೊನೆಯ ಅಂಕಿಗಳು ಸಮನಾಗಿರಲಿಲ್ಲ.

1994ರಲ್ಲಿ ಓಆರ್‌ಐ 19 ಆರೋಪ ಹೊರಿಸಿ, ಹತ್ತು ವರ್ಷ ಸರ್ಕಾರದ ಸಂಶೋಧನಾ ಹಣ ಸಿಗದಂತೆ ಮಾಡಲು ಹೊರಟಿತು. ಇಮಾನಿಶಿ-ಕಾರಿ ಮೇಲ್ಮನವಿ ಹಾಕಿದರು. ಮೇಲ್ಮನವಿ ಮಂಡಳಿಯ ಮುಂದೆ ಸಾಕ್ಷಿಗಳ ಪಾಟೀಸವಾಲು ನಡೆಯಿತು, ಮಸಿ-ಅಂಕಿಗಳಿಗೂ ಬಿಡುವಿರಲಿಲ್ಲ. ಇಮಾನಿಶಿ-ಕಾರಿಯವರದು ಶಿಸ್ತಿಲ್ಲದ ಕೈ. ಲೆಕ್ಕವನ್ನು ಬಿಡಿಹಾಳೆಗಳಲ್ಲಿಟ್ಟು, ಎಷ್ಟೋ ದಿನದ ಮೇಲೆ ಜೋಡಿಸಿದ್ದರು. ಹಾಗಿರುವಾಗ ಪಟ್ಟಿ ಹಳೆಯದಾದರೆ ಏನು ಸಾಬೀತಾದಂತೆ? ಕೈಯಿಂದ ಎಣಿಸಿ ಬರೆಯುವವರೂ ಅಂಕಿಯನ್ನು ತಮಗರಿಯದೆ ಅತ್ತ ಇತ್ತ ವಾಲಿಸುವುದಿಲ್ಲವೇ?

1996ರ ಜೂನ್‌ನಲ್ಲಿ ಮಂಡಳಿ 19 ಆರೋಪಗಳನ್ನೂ ತಳ್ಳಿಹಾಕಿತು. ಪ್ರಬಂಧದಲ್ಲಿ ತಪ್ಪುಗಳಿದ್ದವು ಎಂಬುದನ್ನು ಮಾತ್ರ ಯಾರೂ ಅಲ್ಲಗಳೆಯಲಿಲ್ಲ.