ಕಾರಿನ ಸ್ವಯಂಚಾಲಿತ ಹಿಂಬಾಗಿಲು ಮತ್ತು ಅದರ ಲಾಕ್ ವ್ಯವಸ್ಥೆ: ವಾಹನ ಮಾಲೀಕರಿಗೆ ಮಾಹಿತಿ

ಪೀಠಿಕೆ

ಎರಡೂ ಕೈಯಲ್ಲಿ ಸಾಮಾನು ಹಿಡಿದಿರುವಾಗ ಹಿಂಬದಿಯ ಬಂಪರಿನ ಕೆಳಗೆ ಕಾಲು ಆಡಿಸಿದರೆ ತಾನಾಗಿ ತೆರೆದುಕೊಳ್ಳುವ, ಮತ್ತೊಮ್ಮೆ ಆಡಿಸಿದರೆ ತಾನಾಗಿ ಮುಚ್ಚಿಕೊಳ್ಳುವ ಹಿಂಬಾಗಿಲು ಈಗ ಹಲವು ಕಾರುಗಳಲ್ಲಿ ದೊರೆಯುತ್ತಿದೆ. ಅಮೆರಿಕದಲ್ಲಿ 2012ರಲ್ಲಿ ಮಾರಾಟಕ್ಕೆ ಬಂದ ಫೋರ್ಡ್ ಎಸ್ಕೇಪ್ ಕಾರಿನಲ್ಲಿ ಈ ಸೌಲಭ್ಯವಿತ್ತು. ನಮ್ಮ ದೇಶದಲ್ಲಿ 2023ರ ಅಕ್ಟೋಬರ್ ತಿಂಗಳಿನಲ್ಲಿ ಬಿಡುಗಡೆಯಾದ ಟಾಟಾ ಹ್ಯಾರಿಯರ್ ಮತ್ತು ಸಫಾರಿ ಕಾರುಗಳ ನವೀಕೃತ ಮಾದರಿಗಳಲ್ಲಿ, 2025ರ ಸೆಪ್ಟೆಂಬರ್ ತಿಂಗಳಿನಲ್ಲಿ ಬಂದ ಮಾರುತಿ ಸುಜುಕಿ ವಿಕ್ಟೋರಿಸ್ ಕಾರಿನ ಮೇಲ್ದರ್ಜೆಯ ಮಾದರಿಗಳಲ್ಲಿ ಇದನ್ನು ಅಳವಡಿಸಲಾಗಿದೆ. ಹೀಗಾಗಿ ನಗರಗಳಿಗೆ ಸೀಮಿತವಾಗಿದ್ದ ಈ ವ್ಯವಸ್ಥೆಯು ಶಹಾಪುರ ತಾಲ್ಲೂಕಿನ ದೋರನಹಳ್ಳಿಯಂತಹ ಗ್ರಾಮಗಳ ಮನೆಯಂಗಳಕ್ಕೂ ಬರುತ್ತಿದೆ.

ಈ ಹಿಂಬಾಗಿಲನ್ನು, ಅಂದರೆ ಜನರು ಸಾಮಾನ್ಯವಾಗಿ ಡಿಕ್ಕಿ ಎಂದು ಕರೆಯುವ ಭಾಗದ ಬಾಗಿಲನ್ನು, ಬಳಸುವವರು ಮುಖ್ಯವಾಗಿ ತಿಳಿಯಬೇಕಾದುದೇನೆಂದರೆ, ಬಾಗಿಲು ಮುಚ್ಚುವುದು ಬೇರೆ, ಲಾಕ್ ಆಗುವುದು ಬೇರೆ. ಈ ವ್ಯತ್ಯಾಸವನ್ನು ಅರಿಯದೆ ಕಾರು ಲಾಕ್ ಆಗಿದೆಯೆಂದು ನಂಬಿ ಹೊರಟುಹೋಗುವುದರಿಂದ ಸಾಮಾನು ಕಳವಾಗಬಹುದು, ವಿಮಾ ಪರಿಹಾರಕ್ಕೆ ತೊಡಕಾಗಬಹುದು ಹಾಗೂ ಮಕ್ಕಳು ಅಪಾಯಕ್ಕೆ ಸಿಲುಕಬಹುದು. ವ್ಯವಸ್ಥೆಯ ಸ್ವರೂಪ, ಸಾಮಾನ್ಯ ತೊಂದರೆಗಳು, ಮುನ್ನೆಚ್ಚರಿಕೆಗಳು ಮತ್ತು ದೋಷವಿದ್ದಲ್ಲಿ ದೂರು ಸಲ್ಲಿಸುವ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ.

1. ವ್ಯವಸ್ಥೆಯು ಕಾರ್ಯ ನಿರ್ವಹಿಸುವ ಬಗೆ

ಬಂಪರಿನ ಒಳಭಾಗದಲ್ಲಿ ಸಾಮಾನ್ಯವಾಗಿ ಎರಡು ಸೆನ್ಸರ್ ಪಟ್ಟಿಗಳಿರುತ್ತವೆ. ಕಾಲು ಸಮೀಪಿಸಿದಾಗ ಅವುಗಳ ಸುತ್ತಲಿನ ವಿದ್ಯುತ್ ಕ್ಷೇತ್ರದಲ್ಲಿ ಬದಲಾವಣೆ ಉಂಟಾಗುತ್ತದೆ. ಒಂದು ಪಟ್ಟಿಯು ಮೊಣಕಾಲಿನ ಕೆಳಭಾಗವನ್ನೂ ಮತ್ತೊಂದು ಪಾದವನ್ನೂ ಗುರುತಿಸುತ್ತದೆ. ಕಾಲು ಒಳಗೆ ಹೋಗಿ ಕೂಡಲೇ ಹೊರಬಂದಾಗ ಮಾತ್ರ ಅದನ್ನು ಆದೇಶವೆಂದು ಪರಿಗಣಿಸಲಾಗುತ್ತದೆ. ಆದ್ದರಿಂದ ಪಾದವನ್ನು ಅಡ್ಡಡ್ಡ ಆಡಿಸಿದರೆ ಅಥವಾ ಬಂಪರಿನ ಕೆಳಗೇ ನಿಲ್ಲಿಸಿಕೊಂಡರೆ ಬಾಗಿಲು ತೆರೆಯುವುದಿಲ್ಲ.

ಕಾಲಿನ ಚಲನೆಯ ಜೊತೆಗೆ ಕೀ ಹತ್ತಿರದಲ್ಲಿರಬೇಕು. ಕಾರಿನ ಹಿಂಬದಿಯ ಆಂಟೆನಾ ಕಡಿಮೆ ಆವರ್ತನದ ಸಂಕೇತವನ್ನು ಹೊರಡಿಸುತ್ತದೆ. ಸುಮಾರು ಒಂದರಿಂದ ಒಂದೂವರೆ ಮೀಟರ್ ಅಂತರದಲ್ಲಿರುವ ಕೀ ಅದಕ್ಕೆ ರೇಡಿಯೋ ಸಂಕೇತದ ಮೂಲಕ ಉತ್ತರಿಸುತ್ತದೆ. ಉತ್ತರ ಸರಿಯಾಗಿದ್ದಲ್ಲಿ ಮೋಟಾರು ಬಾಗಿಲನ್ನು ಎತ್ತುತ್ತದೆ. ಕೀ ಇಲ್ಲದವರು ಕಾಲು ಆಡಿಸಿದರೆ ಬಾಗಿಲು ತೆರೆಯಬಾರದು.

ಕೆಲವು ಮಾದರಿಗಳಲ್ಲಿ ಕಾಲು ಆಡಿಸುವ ಅಗತ್ಯವೂ ಇಲ್ಲ. ಲಾಕ್ ಆಗಿರುವ ಕಾರಿನ ಹಿಂದೆ ಕೀ ಸಮೇತ ಕೆಲವು ಸೆಕೆಂಡುಗಳ ಕಾಲ ನಿಂತರೆ ಸಾಕಾಗುತ್ತದೆ.

2. ಸಾಮಾನ್ಯವಾಗಿ ಕಂಡುಬರುವ ತೊಂದರೆಗಳು ಮತ್ತು ಕಾರಣಗಳು

ಅ) ಕಾಲು ಆಡಿಸಿದರೂ ತೆರೆಯದಿರುವುದು: ಬಂಪರಿಗೆ ಹಸಿ ಮಣ್ಣು ಮೆತ್ತಿಕೊಂಡಿರುವುದು ಇದಕ್ಕೆ ಒಂದು ಕಾರಣ. ಮಳೆಗಾಲದಲ್ಲಿ ಎರೆಮಣ್ಣಿನ ಹೊಲದ ದಾರಿಯಲ್ಲಿ ಅಥವಾ ಭತ್ತದ ಗದ್ದೆಗಳ ಕಾಲುವೆ ರಸ್ತೆಯಲ್ಲಿ ಸಂಚರಿಸಿದ ಕಾರಿನ ಬಂಪರಿನ ಅಡಿಯನ್ನು ತೊಳೆದ ನಂತರವೇ ವ್ಯವಸ್ಥೆಯನ್ನು ಪರೀಕ್ಷಿಸುವುದು ಸೂಕ್ತ. ಕೀಯ ಬ್ಯಾಟರಿ ದುರ್ಬಲವಾಗಿರುವುದು ಹಾಗೂ ಹಿಂಬದಿಗೆ ಲೋಹದ ಗಾರ್ಡ್ ಹಾಕಿಸಿರುವುದು ಇತರೆ ಕಾರಣಗಳಾಗಿವೆ. ಬಂಪರಿಗೆ ಲೋಹದ ಗಾರ್ಡ್ ಅಳವಡಿಸುವವರ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯವು 2017ರ ಡಿಸೆಂಬರ್ ತಿಂಗಳಿನಲ್ಲಿಯೇ ರಾಜ್ಯಗಳಿಗೆ ಸೂಚಿಸಿರುವುದನ್ನು ಗಮನಿಸುವುದು.

ಆ) ಬೇಡವಾದಾಗ ತೆರೆಯುವುದು: ಕೀ ಜೇಬಿನಲ್ಲಿಟ್ಟುಕೊಂಡು ಕಾರು ತೊಳೆಯುವಾಗ ನೀರಿನ ಹರಿವನ್ನು ಸೆನ್ಸರ್ ಕಾಲಿನ ಚಲನೆಯೆಂದು ಭಾವಿಸಬಹುದು. ಕಾರಿನ ಹಿಂದೆ ನಿಂತು ಮಾತನಾಡುವಾಗ, ಅಥವಾ ನಾಯಿ, ಬೆಕ್ಕು ಬಂಪರಿನ ಕೆಳಗೆ ನುಸುಳಿದಾಗಲೂ ಹೀಗಾಗಬಹುದು. ತಗಡಿನ ಶೆಡ್ಡಿನಲ್ಲಿ ಕಾರು ನಿಲ್ಲಿಸುವವರ ಬಾಗಿಲು ಮೇಲ್ಛಾವಣಿಗೆ ತಗಲುವ ಸಂಭವವಿದೆ. ಬಹುತೇಕ ಮಾದರಿಗಳಲ್ಲಿ ಬಾಗಿಲು ಏರುವ ಎತ್ತರವನ್ನು ನಿಗದಿಪಡಿಸಲು ಅವಕಾಶವಿರುತ್ತದೆ.

ಇ) ಮುಚ್ಚಿದರೂ ಲಾಕ್ ಆಗದಿರುವುದು: ಇದು ಅತಿ ಹೆಚ್ಚು ಗೊಂದಲ ಉಂಟುಮಾಡುವ ವಿಷಯವಾಗಿದೆ. ಅನೇಕ ಮಾದರಿಗಳಲ್ಲಿ ಹಿಂಬಾಗಿಲು ತೆರೆಯುವ ಮೊದಲು ಕಾರು ಯಾವ ಸ್ಥಿತಿಯಲ್ಲಿತ್ತೋ ಮುಚ್ಚಿದ ನಂತರವೂ ಅದೇ ಸ್ಥಿತಿಯಲ್ಲಿರುತ್ತದೆ. ಲಾಕ್ ಆಗಿದ್ದ ಕಾರಿನ ಹಿಂಬಾಗಿಲನ್ನಷ್ಟೇ ತೆರೆದು ಮುಚ್ಚಿದರೆ ಅದು ಮತ್ತೆ ಲಾಕ್ ಆಗುತ್ತದೆ. ಆದರೆ ಚಾಲಕನ ಬಾಗಿಲನ್ನು ಮೊದಲು ತೆರೆದಿದ್ದಲ್ಲಿ ಹಿಂಬಾಗಿಲು ಮುಚ್ಚಿಕೊಂಡರೂ ಇಡೀ ಕಾರು ಲಾಕ್ ಆಗದೆ ಉಳಿಯುತ್ತದೆ. ಬಾಗಿಲು ಮುಚ್ಚುವಾಗ ಕೇಳಿಬರುವ ಬೀಪ್ ಸದ್ದು ಮುಚ್ಚುವಿಕೆಯ ಎಚ್ಚರಿಕೆಯೇ ಹೊರತು ಲಾಕ್ ಆಗಿರುವುದಕ್ಕೆ ಪುರಾವೆಯಲ್ಲ.

ಉದಾಹರಣೆಗೆ, ದೋರನಹಳ್ಳಿಯ ಕುಟುಂಬವೊಂದು ಸಂಕ್ರಾಂತಿಯಂದು ಮೈಲಾಪುರದ ಮೈಲಾರಲಿಂಗೇಶ್ವರ ಜಾತ್ರೆಗೆ ತೆರಳಿದೆ ಎಂದು ಭಾವಿಸೋಣ. ಎಲ್ಲರೂ ಇಳಿದು, ಬುತ್ತಿಯ ಗಂಟು ತೆಗೆದುಕೊಂಡು, ಕಾಲು ಆಡಿಸಿ ಹಿಂಬಾಗಿಲು ಮುಚ್ಚಿಸಿ ದೇವಸ್ಥಾನದತ್ತ ನಡೆದರೆ, ಸಾವಿರಾರು ಜನರ ನಡುವೆ ಆ ಕಾರಿನ ಎಲ್ಲ ಬಾಗಿಲುಗಳೂ ಲಾಕ್ ಇಲ್ಲದೆ ಉಳಿದಿರಬಹುದು.

ಈ) ಅರ್ಧಕ್ಕೆ ನಿಂತು ಮರಳಿ ಮೇಲೇರುವುದು: ಚೀಲದ ಅಂಚು ಅಥವಾ ಹಗ್ಗ ಬಾಗಿಲಿಗೆ ಸಿಕ್ಕಿದರೆ ವ್ಯವಸ್ಥೆಯು ಅದನ್ನು ಅಡಚಣೆಯೆಂದು ತಿಳಿದು ಬಾಗಿಲನ್ನು ಮೇಲೆತ್ತುತ್ತದೆ. ಮಾಲೀಕರು ಹಿಂತಿರುಗಿ ನೋಡದೆ ಹೊರಟಿದ್ದಲ್ಲಿ ಬಾಗಿಲು ತೆರೆದೇ ಉಳಿಯುತ್ತದೆ. ಮೇಲಿಂದ ಮೇಲೆ ತೆರೆದು ಮುಚ್ಚಿದರೆ ಮೋಟಾರು ಬಿಸಿಯಾಗಿ ಕೆಲಕಾಲ ಸ್ಥಗಿತಗೊಳ್ಳುವುದೂ ಉಂಟು.

ಉ) ಕೀ ಒಳಗೇ ಉಳಿಯುವುದು: ಕೀ ಒಳಗಿದ್ದಲ್ಲಿ ಕಾರು ಅದನ್ನು ಗುರುತಿಸಿ ಲಾಕ್ ಆಗಲು ನಿರಾಕರಿಸಬೇಕು. ಆದರೆ ಕೀಯನ್ನು ಸ್ಟೀಲ್ ಡಬ್ಬಿ ಅಥವಾ ಕಬ್ಬಿಣದ ಪೆಟ್ಟಿಗೆಯ ಮಗ್ಗುಲಲ್ಲಿ ಇಟ್ಟಿದ್ದರೆ ಅಥವಾ ಅದರ ಬ್ಯಾಟರಿ ಕುಂದಿದ್ದರೆ ಗುರುತಿಸುವಿಕೆ ತಪ್ಪಬಹುದು.

3. ಲಾಕ್ ಆಗಿರುವುದನ್ನು ಖಚಿತಪಡಿಸಿಕೊಳ್ಳುವ ಕ್ರಮ

ಹಳೆಯ ಕಾರುಗಳಲ್ಲಿ ಹಿಡಿಕೆಯನ್ನು ಎಳೆದು ನೋಡಿದರೆ ಸಾಕಾಗುತ್ತಿತ್ತು. ಈ ವ್ಯವಸ್ಥೆಯಲ್ಲಿ ಕೀ ಜೇಬಿನಲ್ಲಿರುವಾಗ ಹಿಡಿಕೆಯನ್ನು ಮುಟ್ಟಿದರೆ ಕಾರು ತನ್ನ ಮಾಲೀಕರನ್ನು ಗುರುತಿಸಿ ಬಾಗಿಲು ತೆರೆಯುತ್ತದೆ. ಹೀಗಾಗಿ ಪರೀಕ್ಷಿಸಿದ ಕಾರಣದಿಂದಲೇ ಲಾಕ್ ತೆರೆದುಕೊಳ್ಳುತ್ತದೆ. ಆದ್ದರಿಂದ ಈ ಕೆಳಗಿನ ಕ್ರಮವನ್ನು ಅನುಸರಿಸಲು ಸಲಹೆ ನೀಡಲಾಗಿದೆ:

• ಹಿಂಬಾಗಿಲು ಪೂರ್ತಿ ಕೆಳಗಿಳಿದು ಕೂರುವವರೆಗೆ ಸ್ಥಳದಲ್ಲಿಯೇ ನಿಲ್ಲುವುದು.
• ನಂತರ ಕೀಯಲ್ಲಿನ ಲಾಕ್ ಗುಂಡಿಯನ್ನು ಪ್ರತ್ಯೇಕವಾಗಿ ಒತ್ತುವುದು. ಹಿಂಬಾಗಿಲಿನಲ್ಲಿ ಬೀಗದ ಚಿಹ್ನೆಯ ಗುಂಡಿಯಿದ್ದಲ್ಲಿ ಅದನ್ನು ಬಳಸಬಹುದು.
• ಇಂಡಿಕೇಟರ್ ದೀಪಗಳು ಮಿನುಗಿದುದನ್ನು, ಪಕ್ಕದ ಕನ್ನಡಿಗಳು ತಾವಾಗಿ ಮಡಚಿಕೊಳ್ಳುವ ಮಾದರಿಯಾದಲ್ಲಿ ಅವು ಮಡಚಿಕೊಂಡುದನ್ನು ಕಣ್ಣಾರೆ ನೋಡುವುದು.
• ಸಂದೇಹವಿದ್ದಲ್ಲಿ ಕೀಯನ್ನು ಜೊತೆಯಲ್ಲಿರುವವರ ಕೈಗೆ ಕೊಟ್ಟು, ಅವರು ಕೆಲವು ಮೀಟರ್ ದೂರ ಸರಿದ ನಂತರ ಹಿಂಬಾಗಿಲನ್ನು ಎಳೆದು ನೋಡುವುದು.
• ಕಾರು ತೊಳೆಯುವಾಗ ಕೀಯನ್ನು ಮನೆಯೊಳಗೆ ಇಡುವುದು. ಕಾಲಿನ ಸೌಲಭ್ಯ ಬೇಡವಾದಲ್ಲಿ ಕಾರಿನ ಪರದೆಯ ಸೆಟ್ಟಿಂಗ್‌ನಲ್ಲಿ ಅದನ್ನು ನಿಲ್ಲಿಸಬಹುದೇ ಎಂಬುದನ್ನು ಕೈಪಿಡಿಯಲ್ಲಿ ನೋಡುವುದು.
• ಕಾರಿನ ಬ್ಯಾಟರಿ ಬದಲಾಯಿಸಿದ ನಂತರ ಹಿಂಬಾಗಿಲು ಸ್ಪಂದಿಸದಿದ್ದಲ್ಲಿ, ಅನೇಕ ಮಾದರಿಗಳಲ್ಲಿ ಅದನ್ನು ಒಮ್ಮೆ ಕೈಯಿಂದ ಪೂರ್ತಿ ಮುಚ್ಚಿದರೆ ಸರಿಹೋಗುತ್ತದೆ.

4. ಮಕ್ಕಳ ಸುರಕ್ಷತೆ

ಅಡಚಣೆಯನ್ನು ಗುರುತಿಸುವ ವ್ಯವಸ್ಥೆಯಿದ್ದರೂ ಬಾಗಿಲು ಪೂರ್ತಿ ಮುಚ್ಚುವ ಕೊನೆಯ ಹಂತದಲ್ಲಿ ಸಣ್ಣ ಬೆರಳುಗಳನ್ನು ಅದು ಗುರುತಿಸದೇ ಇರಬಹುದು. ಮುಚ್ಚುವ ಮುನ್ನ ಮಕ್ಕಳು ದೂರದಲ್ಲಿರುವುದನ್ನು ನೋಡಿಕೊಳ್ಳಬೇಕು.

ಲಾಕ್ ಆಗದ ಕಾರಿನೊಳಗೆ ಮಕ್ಕಳು ಆಟವಾಡಲು ಹತ್ತಿ ಒಳಗೇ ಸಿಲುಕುವ ಅಪಾಯವು ಇದಕ್ಕಿಂತ ಗಂಭೀರವಾದುದು. ಬಿಸಿಲಿನಲ್ಲಿ ನಿಂತ ಕಾರಿನ ಒಳಗಿನ ಉಷ್ಣತೆಯು ಮೊದಲ 10 ನಿಮಿಷಗಳಲ್ಲಿಯೇ ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಬಲ್ಲದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಯಾದಗಿರಿ ಜಿಲ್ಲೆಯಲ್ಲಿ ಇದು ಪ್ರಾಣಾಪಾಯಕ್ಕೆ ಎಡೆಮಾಡುತ್ತದೆ. ಮನೆಯಂಗಳದಲ್ಲಿ ನಿಲ್ಲಿಸಿದ ಕಾರನ್ನೂ ಲಾಕ್ ಮಾಡಿ, ಕೀಯನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಮಗು ಒಳಗೆ ಸಿಲುಕಿದ್ದಲ್ಲಿ 112 ಸಂಖ್ಯೆಗೆ ಕರೆ ಮಾಡಬೇಕು. ಮಗು ಬಳಲಿರುವುದು ಕಂಡುಬಂದಲ್ಲಿ ಸಹಾಯಕ್ಕೆ ಕಾಯದೆ, ಮಗುವಿನಿಂದ ದೂರದಲ್ಲಿರುವ ಗಾಜನ್ನು ಒಡೆದು ಹೊರತೆಗೆಯಬೇಕು.

5. ಕಳವು ಮತ್ತು ವಿಮೆ

ಕಾರಿನ ಸಮಗ್ರ ವಿಮೆಯು ವಾಹನದ ಕಳವಿಗೆ ರಕ್ಷಣೆ ನೀಡುತ್ತದೆಯೇ ಹೊರತು ಡಿಕ್ಕಿಯಲ್ಲಿಟ್ಟಿದ್ದ ಬಟ್ಟೆ, ಒಡವೆ, ನಗದು ಅಥವಾ ಬಿತ್ತನೆ ಬೀಜದ ಚೀಲಗಳಿಗೆ ಸಾಮಾನ್ಯವಾಗಿ ರಕ್ಷಣೆ ನೀಡುವುದಿಲ್ಲ. ವೈಯಕ್ತಿಕ ವಸ್ತುಗಳಿಗಾಗಿ ಹೆಚ್ಚುವರಿ ರಕ್ಷಣೆಯನ್ನು ಪ್ರತ್ಯೇಕವಾಗಿ ಪಡೆಯಬೇಕಾಗುತ್ತದೆ.

ವಾಹನವನ್ನು ಕಾಪಾಡಲು ಮಾಲೀಕರು ಸೂಕ್ತ ಎಚ್ಚರಿಕೆ ವಹಿಸಬೇಕೆಂಬುದು ಪಾಲಿಸಿಯ ಷರತ್ತಾಗಿದೆ. ಕೀಯನ್ನು ವಾಹನದಲ್ಲಿಯೇ ಬಿಟ್ಟಿದ್ದಾಗ ಕಳವಾದ ಲಾರಿಯ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ಶೇಕಡಾ 75ರಷ್ಟು ಪರಿಹಾರಕ್ಕೆ ಆದೇಶಿಸಿತು. ಅಂದರೆ ಅಜಾಗರೂಕತೆಯ ಕಾರಣದಿಂದ ಪರಿಹಾರವು ಪೂರ್ಣವಾಗಿ ಇಲ್ಲವಾಗದಿದ್ದರೂ ಕಡಿಮೆಯಾಗಬಹುದು. ಕಳವಾದಲ್ಲಿ ವಿಳಂಬ ಮಾಡದೆ ಪೊಲೀಸ್ ಠಾಣೆಗೆ ದೂರು ನೀಡಿ, ವಿಮಾ ಸಂಸ್ಥೆಗೆ ಲಿಖಿತವಾಗಿ ತಿಳಿಸಬೇಕು. ವಿಮಾ ಸಂಸ್ಥೆಗಳು ಎರಡೂ ಕೀಗಳನ್ನು ಕೇಳುವುದರಿಂದ ಎರಡನೆಯ ಕೀಯನ್ನು ಜೋಪಾನವಾಗಿ ಇಟ್ಟಿರಬೇಕು.

6. ದೋಷ ಸರಿಯಾಗದಿದ್ದಲ್ಲಿ ದೂರು ಸಲ್ಲಿಸುವ ವಿಧಾನ

ಇಂತಹ ದೋಷಗಳು ಒಮ್ಮೆ ಕಾಣಿಸಿಕೊಂಡು ಮತ್ತೊಮ್ಮೆ ಮರೆಯಾಗುವ ಸ್ವಭಾವದವು. ಸರ್ವಿಸ್ ಸೆಂಟರ್‌ನಲ್ಲಿ ಪರೀಕ್ಷಿಸುವಾಗ ಬಾಗಿಲು ಸರಿಯಾಗಿಯೇ ಕೆಲಸ ಮಾಡಿ, ದೋಷ ಕಂಡುಬಂದಿಲ್ಲವೆಂದು ಕಾರನ್ನು ಹಿಂದಿರುಗಿಸಬಹುದು. ಆದ್ದರಿಂದ ದಾಖಲೆಗಳನ್ನು ಇಟ್ಟುಕೊಳ್ಳುವುದು ಅವಶ್ಯಕ:

• ದೋಷ ಕಂಡ ದಿನಾಂಕ, ಸಮಯ, ಸ್ಥಳ ಮತ್ತು ಹವಾಮಾನದ ಟಿಪ್ಪಣಿ.
• ಮೊಬೈಲ್‌ನಲ್ಲಿ ಚಿತ್ರೀಕರಿಸಿದ ವಿಡಿಯೋ.
• ಪ್ರತಿ ಭೇಟಿಯ ಜಾಬ್ ಕಾರ್ಡ್. ದೂರನ್ನು ತಮ್ಮದೇ ಮಾತುಗಳಲ್ಲಿ ಬರೆಸಿ, ಪ್ರತಿಯನ್ನು ಕೇಳಿ ಪಡೆಯುವುದು.
• ಖರೀದಿಯ ಬಿಲ್ಲು, ವಾರಂಟಿ ಪತ್ರ ಮತ್ತು ಮಾಲೀಕರ ಕೈಪಿಡಿ.

ಮೊದಲ ಹಂತ: ಮಾರಾಟಗಾರರಿಗೆ ಮತ್ತು ತಯಾರಕರಿಗೆ ಲಿಖಿತ ದೂರು ನೀಡುವುದು.

ಎರಡನೇ ಹಂತ: ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಉಚಿತವಾಗಿ ಕರೆ ಮಾಡುವುದು. ಕನ್ನಡದಲ್ಲಿಯೂ ದೂರು ದಾಖಲಿಸಬಹುದು.

ಮೂರನೇ ಹಂತ: ಗ್ರಾಹಕರ ರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸುವುದು. ಕಾರನ್ನು ಕಲಬುರಗಿ, ಹೈದರಾಬಾದ್ ಅಥವಾ ಬೆಂಗಳೂರಿನಲ್ಲಿ ಖರೀದಿಸಿದ್ದರೂ, ದೂರುದಾರರು ವಾಸಿಸುವ ಸ್ಥಳದ ವ್ಯಾಪ್ತಿಯ ಆಯೋಗದಲ್ಲಿಯೇ ದೂರು ಸಲ್ಲಿಸಲು ಈ ಕಾಯ್ದೆಯು ಅವಕಾಶ ನೀಡಿದೆ. 2025ರ ಜನವರಿ 1ರಂದು ಆರಂಭವಾದ ಇ-ಜಾಗೃತಿ ಜಾಲತಾಣದ ಮೂಲಕ ಆನ್‌ಲೈನ್‌ನಲ್ಲಿಯೂ ಸಲ್ಲಿಸಬಹುದು. ಕಾರಿಗೆ ಪಾವತಿಸಿದ ಮೊತ್ತವು ರೂ. 50 ಲಕ್ಷದವರೆಗೆ ಇದ್ದಲ್ಲಿ ಜಿಲ್ಲಾ ಆಯೋಗವು ದೂರನ್ನು ಪರಿಗಣಿಸುತ್ತದೆ. ಶುಲ್ಕದ ವಿವರ:

ರೂ. 5 ಲಕ್ಷದವರೆಗೆ: ಶುಲ್ಕವಿಲ್ಲ
ರೂ. 5 ಲಕ್ಷ ಮೀರಿ 10 ಲಕ್ಷದವರೆಗೆ: ರೂ. 200
ರೂ. 10 ಲಕ್ಷ ಮೀರಿ 20 ಲಕ್ಷದವರೆಗೆ: ರೂ. 400
ರೂ. 20 ಲಕ್ಷ ಮೀರಿ 50 ಲಕ್ಷದವರೆಗೆ: ರೂ. 1,000

ದೂರಿಗೆ ಕಾರಣ ಉಂಟಾದ ದಿನದಿಂದ 2 ವರ್ಷಗಳೊಳಗೆ ಸಲ್ಲಿಸಬೇಕು. ಸರಿಯಾದ ಬಳಕೆಯ ಸೂಚನೆ ಅಥವಾ ಎಚ್ಚರಿಕೆಯನ್ನು ನೀಡದೇ ಇದ್ದುದರಿಂದ ಹಾನಿಯಾಗಿದ್ದಲ್ಲಿ ಅದಕ್ಕೂ ತಯಾರಕರು ಹೊಣೆಯಾಗುತ್ತಾರೆಂದು ಕಾಯ್ದೆಯ 84ನೇ ಪ್ರಕರಣವು ಹೇಳುತ್ತದೆ.

ಸುರಕ್ಷತೆಗೆ ಸಂಬಂಧಿಸಿದ ದೋಷವಾದಲ್ಲಿ ವಾಹನ್ ಜಾಲತಾಣದ ವಾಹನ ಹಿಂಪಡೆಯುವಿಕೆ ವಿಭಾಗದಲ್ಲಿಯೂ ದೂರು ದಾಖಲಿಸಬೇಕು. ಮೋಟಾರು ವಾಹನ ಕಾಯ್ದೆಯ 110ಎ ಪ್ರಕರಣದ ಪ್ರಕಾರ, ಒಂದೇ ಮಾದರಿಯ ಬಗ್ಗೆ ನಿಗದಿತ ಪ್ರಮಾಣದ ದೂರುಗಳು ಬಂದಲ್ಲಿ ಆ ವಾಹನಗಳನ್ನು ಹಿಂಪಡೆದು ಸರಿಪಡಿಸುವಂತೆ ತಯಾರಕರಿಗೆ ನಿರ್ದೇಶಿಸಬಹುದಾಗಿದೆ. ಆದ್ದರಿಂದ ಪ್ರತಿಯೊಂದು ದೂರಿಗೂ ಬೆಲೆಯಿದೆ.

7. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಯಾದಗಿರಿಯ ಸಾರಿಗೆ ಕಚೇರಿಗೆ ದೂರು ನೀಡಿದರೆ ಪರಿಹಾರ ದೊರೆಯುವುದೇ?
ಉತ್ತರ: ಇಲ್ಲ. ಸಾರಿಗೆ ಕಚೇರಿಯು ನೋಂದಣಿ, ಪರವಾನಗಿ ಮುಂತಾದ ಸೇವೆಗಳನ್ನು ನೀಡುತ್ತದೆ. ಖರೀದಿಸಿದ ವಾಹನದ ದೋಷಕ್ಕೆ ಪರಿಹಾರ ಕೊಡಿಸುವ ಅಧಿಕಾರವು ಗ್ರಾಹಕರ ಆಯೋಗಕ್ಕಿದೆ.

ಪ್ರಶ್ನೆ: ವಕೀಲರನ್ನು ನೇಮಿಸಲೇಬೇಕೇ?
ಉತ್ತರ: ಕಡ್ಡಾಯವಲ್ಲ. ದೂರುದಾರರು ಸ್ವತಃ ಹಾಜರಾಗಿ ವಾದಿಸಬಹುದು. ವಿಡಿಯೋ ಕಾನ್ಫರೆನ್ಸ್ ಮೂಲಕ ವಿಚಾರಣೆ ಕೋರಿ ಅರ್ಜಿ ಸಲ್ಲಿಸಲೂ ಅವಕಾಶವಿದೆ.

ಪ್ರಶ್ನೆ: ಬಾಡಿಗೆಗೆ ಓಡಿಸುವ ಕಾರಿನ ಮಾಲೀಕರು ದೂರು ನೀಡಬಹುದೇ?
ಉತ್ತರ: ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯಕ್ಕಾಗಿಯೇ ಕಾರನ್ನು ಖರೀದಿಸಿ ಓಡಿಸುತ್ತಿದ್ದಲ್ಲಿ ನೀಡಬಹುದು.

ಪ್ರಶ್ನೆ: ಹೊರಗಿನ ಅಂಗಡಿಯಲ್ಲಿ ಈ ಸಾಧನವನ್ನು ಹಾಕಿಸಿದ್ದರೆ?
ಉತ್ತರ: ಕಾರಿನ ವೈರಿಂಗ್ ಕತ್ತರಿಸಿ ಅಳವಡಿಸಿದ್ದಲ್ಲಿ ಆ ಭಾಗದ ವಾರಂಟಿಯನ್ನು ತಯಾರಕರು ನಿರಾಕರಿಸಬಹುದು. ಅಂಗಡಿಯವರಿಂದ ಬಿಲ್ಲು ಪಡೆದಿದ್ದಲ್ಲಿ ಸಾಧನದ ದೋಷಕ್ಕಾಗಿ ಅವರ ವಿರುದ್ಧ ದೂರು ನೀಡಬಹುದು.

ಹೊಸ ಕಾರನ್ನು ಪಡೆಯುವ ದಿನವೇ ಹಿಂಬಾಗಿಲನ್ನು ತೆರೆಯುವ, ಮುಚ್ಚುವ ಮತ್ತು ಲಾಕ್ ಮಾಡುವ ಕ್ರಮವನ್ನು ಶೋರೂಮಿನ ಸಿಬ್ಬಂದಿಯಿಂದ ಪ್ರತ್ಯೇಕವಾಗಿ ತೋರಿಸಿಕೊಂಡು, ಮನೆಯವರೆಲ್ಲರಿಗೂ ಕಲಿಸಿಕೊಡಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.

ಸೂಚನೆ: ಈ ಮಾಹಿತಿಯನ್ನು ಸಾರ್ವಜನಿಕರ ತಿಳುವಳಿಕೆಗಾಗಿ ಸರಳಗೊಳಿಸಿ ನೀಡಲಾಗಿದೆ. ಕಾಯ್ದೆ ಮತ್ತು ನಿಯಮಗಳ ಮೂಲ ಪಠ್ಯವೇ ಅಂತಿಮವಾಗಿರುತ್ತದೆ.