ಅಧಿಕಾರದಲ್ಲಿರುವ ಸ್ತ್ರೀಯರು: ಏಕಸಂಬಿ ಸೀಮೆಯ ಕೆಲವು ತಪ್ಪು ಕಲ್ಪನೆಗಳು

ದೂಧಗಂಗೆಯ ನೀರುಂಡು ಕಬ್ಬು ಬೆಳೆಯುವ ಏಕಸಂಬಿ, ಸದಲಗಾ, ನಿಪ್ಪಾಣಿಗಳ ಸೀಮೆಯಲ್ಲಿ ಚುನಾವಣೆಯ ಮಾತು ಸಕ್ಕರೆ ಕಾರ್ಖಾನೆಯಿಂದ ಆರಂಭವಾಗಿ ಸಹಕಾರಿ ಸಂಘದಲ್ಲಿ ಬಂದು ನಿಲ್ಲುವುದು ವಾಡಿಕೆ. ಆ ಮಾತಿನ ನಡುವೆ ಅಧಿಕಾರಸ್ಥಾನದಲ್ಲಿರುವ ಹೆಣ್ಣುಮಗಳೊಬ್ಬಳ ಪ್ರಸ್ತಾಪವೇನಾದರೂ ಬಂದರೆ, 'ಆಕೀದೇನೈತ್ರಿ, ಎಲ್ಲಾ ಮನಿತನದ ಪುಣ್ಯಾ' ಎಂಬ ತೀರ್ಪು ವಿಚಾರಣೆಗೆ ಮೊದಲೇ ಹೊರಬೀಳುತ್ತದೆ. ಈ ತೀರ್ಪು ಪೂರ್ಣವಾಗಿ ಸುಳ್ಳೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಇಸವಿಗಳನ್ನು ಕ್ರಮವಾಗಿ ಜೋಡಿಸಿ ನೋಡುವ ಶ್ರಮವನ್ನು ತೀರ್ಪುಗಾರರು ವಹಿಸಿಲ್ಲವೆಂದು ಮಾತ್ರ ನಿಸ್ಸಂಶಯವಾಗಿ ಹೇಳಬಲ್ಲೆ.

ಈ ಸೀಮೆಯನ್ನೊಳಗೊಂಡ ಚಿಕ್ಕೋಡಿ ಕ್ಷೇತ್ರದಿಂದ ಲೋಕಸಭೆಗೆ ಹೋದ ಮೊದಲ ಮಹಿಳೆ 2024ರಲ್ಲಿ ಗೆದ್ದ ಪ್ರಿಯಾಂಕಾ ಜಾರಕಿಹೊಳಿ ಎಂಬುದು ಇತ್ತೀಚೆಗೆ ಹಬ್ಬಿರುವ ನಂಬಿಕೆ. ತೊಂಬತ್ತು ಸಾವಿರಕ್ಕೂ ಮಿಕ್ಕಿದ ಮತಗಳ ಅಂತರದ ಆ ವಿಜಯ ಗಣ್ಯವಾದದ್ದೇ. ಆದರೆ ಅದಕ್ಕೆ ಇಪ್ಪತ್ತೆಂಟು ವರ್ಷ ಮೊದಲು, 1996ರಲ್ಲಿ, ಜನತಾದಳದ ರತ್ನಮಾಲಾ ಸವಣೂರ ಅವರು ಇದೇ ಕ್ಷೇತ್ರದಲ್ಲಿ ಗೆದ್ದಿದ್ದರು. ಅವರು ಮಣಿಸಿದ್ದು ಸಾಮಾನ್ಯ ಪ್ರತಿಸ್ಪರ್ಧಿಯನ್ನಲ್ಲ. 1967ರಿಂದ ಸತತವಾಗಿ ಏಳು ಬಾರಿ ಚಿಕ್ಕೋಡಿಯನ್ನು ಪ್ರತಿನಿಧಿಸಿ, ಕೇಂದ್ರದಲ್ಲಿ ಮಂತ್ರಿಯಾಗಿ ಮೆರೆದಿದ್ದ ಬಿ. ಶಂಕರಾನಂದರನ್ನು. ಮುಂದೆ ಸಂಯುಕ್ತ ರಂಗದ ಸರ್ಕಾರದಲ್ಲಿ ರತ್ನಮಾಲಾ ಅವರು ಯೋಜನಾ ಖಾತೆಯ ರಾಜ್ಯ ಸಚಿವೆಯೂ ಆದರು. ಆ ಲೋಕಸಭೆ ಅಲ್ಪಾಯುವಾದುದರಿಂದಲೋ ಏನೋ, ತೀರ ಹಳೆಯದಲ್ಲದ ಸಂಗತಿಯೊಂದು ಜನರ ಸ್ಮೃತಿಯಿಂದ ಇಷ್ಟು ಸಲೀಸಾಗಿ ಜಾರಿಹೋಗಿದೆ. ಸೋತ ಗಂಡಸರ ಹೆಸರುಗಳನ್ನು ನಾವು ಇಷ್ಟು ಬೇಗ ಮರೆಯುವುದಿಲ್ಲ.

ಇದಕ್ಕೆ ಹೊಂದಿಕೊಂಡೇ ಬೆಳೆದ ಇನ್ನೊಂದು ಕಲ್ಪನೆ, 2024ರ ಗೆಲುವು ಮಹಿಳಾ ಮೀಸಲಾತಿಯ ಫಲವೆಂಬುದು. ಲೋಕಸಭೆಯಲ್ಲಿಯೂ ವಿಧಾನಸಭೆಗಳಲ್ಲಿಯೂ ಮೂರನೆಯ ಒಂದು ಭಾಗವನ್ನು ಸ್ತ್ರೀಯರಿಗೆ ಮೀಸಲಿಡುವ ಸಂವಿಧಾನದ 106ನೆಯ ತಿದ್ದುಪಡಿ 2023ರಲ್ಲಿ ಅಂಗೀಕೃತವಾದುದು ನಿಜ. ಆದರೆ ಜನಗಣತಿಯೂ ಕ್ಷೇತ್ರ ಪುನರ್ವಿಂಗಡಣೆಯೂ ಆದ ಬಳಿಕವೇ ಅದು ಕಾರ್ಯರೂಪಕ್ಕೆ ಬರಬೇಕೆಂದು ಆ ತಿದ್ದುಪಡಿಯಲ್ಲಿಯೇ ಹೇಳಿದ್ದುದರಿಂದ, 2024ರ ಚುನಾವಣೆಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. 2009ರಿಂದ ಚಿಕ್ಕೋಡಿ ಸಾಮಾನ್ಯ ಕ್ಷೇತ್ರ. ಪರಿಶಿಷ್ಟ ಪಂಗಡದ ಯುವತಿಯೊಬ್ಬಳು ಅಲ್ಲಿ ಯಾವ ಮೀಸಲಾತಿಯೂ ಇಲ್ಲದೆ ಗೆದ್ದಳು. ಆಕೆಯ ತಂದೆ ಆಗ ರಾಜ್ಯದ ಸಚಿವರಾಗಿದ್ದರು ಎಂಬುದನ್ನು ಮರೆಮಾಚಬೇಕಾಗಿಲ್ಲ. ಮನೆತನದ ಬಲ ಒಂದು, ಮೀಸಲಾತಿ ಇನ್ನೊಂದು, ಇವೆರಡನ್ನೂ ಕಲಸಿ ಮಾತಾಡುವುದು ಮಾತ್ರ ತರವಲ್ಲ.

ಏಕಸಂಬಿಯ ಜನರು ತಮ್ಮವರೆಂದೇ ಎಣಿಸುವ ಶಶಿಕಲಾ ಜೊಲ್ಲೆಯವರ ವಿಷಯಕ್ಕೆ ಬಂದಾಗ 'ಪತಿ ಸಂಸದರಾದರು, ಅದರಿಂದ ಪತ್ನಿಗೂ ಸ್ಥಾನ ಸಿಕ್ಕಿತು' ಎಂಬ ಮಾತು ಹೊರಗಿನವರ ಬಾಯಲ್ಲಿ ಕೇಳಿಬರುವುದುಂಟು. ಪಂಚಾಂಗವನ್ನು ತಲೆಕೆಳಗಾಗಿ ಹಿಡಿದು ಓದಿದವರು ಮಾತ್ರ ಹೀಗೆ ಹೇಳಬಲ್ಲರು. ಶಶಿಕಲಾ ಅವರು ಭಾರತೀಯ ಜನತಾ ಪಕ್ಷದಿಂದ ನಿಪ್ಪಾಣಿಯ ಶಾಸಕಿಯಾದದ್ದು 2013ರಲ್ಲಿ. ಅವರ ಪತಿ ಅಣ್ಣಾಸಾಹೇಬ ಜೊಲ್ಲೆಯವರು ಲೋಕಸಭೆಯನ್ನು ಪ್ರವೇಶಿಸಿದ್ದು 2019ರಲ್ಲಿ. (ಆ ವರ್ಷ ಎದುರುಬದುರಾಗಿ ನಿಂತ ಜೊಲ್ಲೆಯವರೂ ಪ್ರಕಾಶ ಹುಕ್ಕೇರಿಯವರೂ ಒಂದೇ ಏಕಸಂಬಿಯವರಾಗಿದ್ದುದು ಈ ಊರಿನ ರಾಜಕೀಯ ಸಾಂದ್ರತೆಗೆ ಸಾಕ್ಷಿ.) ಪತ್ನಿ 2018ರಲ್ಲಿ ಎರಡನೆಯ ಬಾರಿ, 2023ರಲ್ಲಿ ಮೂರನೆಯ ಬಾರಿ ಗೆದ್ದರು, 2023ರ ಗೆಲುವು ಸುಮಾರು ಏಳು ಸಾವಿರ ಮತಗಳ ಬಿಗಿಯಾದ ಗೆಲುವು. 2024ರಲ್ಲಿ ಪತಿ ಪ್ರಿಯಾಂಕಾ ಜಾರಕಿಹೊಳಿಯವರೆದುರು ಸೋತಾಗ, ವಿಧಾನಸಭೆಯಲ್ಲಿ ಪತ್ನಿಯ ಸ್ಥಾನ ಇದ್ದಲ್ಲಿಯೇ ಇತ್ತು.

ಹಾಗಾದರೆ ಬಲ ಎಲ್ಲಿಂದ ಬಂತು? ಗಂಡನಿಂದಲೋ ಹೆಂಡತಿಯಿಂದಲೋ ಎಂಬ ಪ್ರಶ್ನೆಗಿಂತ ಹೆಚ್ಚು ಫಲಪ್ರದವಾದ ಉತ್ತರ ಸಹಕಾರಿ ಕ್ಷೇತ್ರದಲ್ಲಿದೆ. ಏಕಸಂಬಿಯಲ್ಲಿ ಪ್ರಧಾನ ಕಚೇರಿಯನ್ನು ಹೊಂದಿರುವ ಶ್ರೀ ಬೀರೇಶ್ವರ ಕೋ-ಆಪರೇಟಿವ್ ಕ್ರೆಡಿಟ್ ಸೊಸೈಟಿ ಬಹುರಾಜ್ಯ ಸಹಕಾರಿ ಸಂಸ್ಥೆಯಾಗಿ ಬೆಳೆದು, ಜೊಲ್ಲೆ ದಂಪತಿಗಳ ಸಾರ್ವಜನಿಕ ಜೀವನಕ್ಕೆ ಅಡಿಪಾಯವಾಯಿತೆಂಬುದು ಗಡಿನಾಡಿನವರೆಲ್ಲ ಬಲ್ಲ ಸಂಗತಿ. ಸೊಸೈಟಿಯ ಶಾಖೆ ಇರುವ ಊರಿನಲ್ಲಿ ಠೇವಣಿದಾರರಿದ್ದಾರೆ, ಸಾಲಗಾರರಿದ್ದಾರೆ, ನೌಕರರಿದ್ದಾರೆ. ಚುನಾವಣೆ ಬಂದಾಗ ಪರಿಚಯ ಮಾಡಿಕೊಳ್ಳುವ ಅಗತ್ಯವೇ ಇರುವುದಿಲ್ಲ. ಬೆಳಗಾವಿ ಜಿಲ್ಲೆಯಲ್ಲಿ ಸಕ್ಕರೆ ಕಾರ್ಖಾನೆ, ಜಿಲ್ಲಾ ಕೇಂದ್ರ ಬ್ಯಾಂಕು, ಪತ್ತಿನ ಸಂಘ ಇವು ಮೂರೂ ವಿಧಾನಸೌಧದ ಮೆಟ್ಟಿಲುಗಳೆಂದು ಗಂಡಸರು ತಲೆಮಾರುಗಳಿಂದ ತಿಳಿದಿದ್ದರು. ಅದೇ ಮೆಟ್ಟಿಲನ್ನು ಹೆಣ್ಣುಮಗಳೊಬ್ಬಳು ಹತ್ತಿದಾಗ ಅದಕ್ಕೆ 'ಮನೆತನದ ಪುಣ್ಯ' ಎಂಬ ಹೆಸರು ಬಂದಿತು. ಗಂಡಸರ ವಿಷಯದಲ್ಲಿ ಅದಕ್ಕೆ ಸಂಘಟನಾ ಚಾತುರ್ಯವೆಂದು ಹೆಸರು.

ಸೊಸೈಟಿಯೆಂದರೆ ಅದನ್ನು ನಡೆಸುವ ಮನೆತನದ ಸ್ವಂತ ಅಂಗಡಿ ಎಂಬ ಭಾವನೆಯನ್ನೂ ಇಲ್ಲಿಯೇ ತಿದ್ದಬೇಕು. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಂಘವನ್ನು ಕಟ್ಟಿದ ಕಾಲದಿಂದಲೂ ಸಹಕಾರದ ಮೂಲತತ್ತ್ವ ಒಂದೇ: ಷೇರು ಎಷ್ಟೇ ಇರಲಿ, ಸದಸ್ಯನಿಗೆ ಮತ ಒಂದೇ. ಬಹುರಾಜ್ಯ ಸಂಘಗಳ 2002ರ ಅಧಿನಿಯಮವೂ ಇದನ್ನೇ ವಿಧಿಸುತ್ತದೆ. ಆಡಳಿತ ಮಂಡಳಿಯಲ್ಲಿ ಇಬ್ಬರು ಮಹಿಳೆಯರಿಗೆ ಸ್ಥಾನವಿರಬೇಕೆಂಬ ನಿಯಮವೂ ಇದೆ. ಕಾನೂನು ಹೀಗಿದ್ದರೂ ನೇತೃತ್ವ ಒಂದೇ ಮನೆಯಲ್ಲಿ ಬೇರೂರುವುದು ನಮ್ಮಲ್ಲಿ ಅಪರೂಪವಲ್ಲ. ವಾರ್ಷಿಕ ಸಾಮಾನ್ಯ ಸಭೆಗೆ ಹೋಗದೆ ಲಾಭಾಂಶವನ್ನು ಮಾತ್ರ ಕೇಳುವ ಸದಸ್ಯರ ಪಾಲೂ ಅದರಲ್ಲಿ ಅಲ್ಪವಲ್ಲ.

ಗಡಿಭಾಗದ ಸ್ತ್ರೀಯರು ಪಕ್ಷಗಳ ಕೃಪೆಯಿಂದಲೇ ಬೀದಿಗೆ ಬಂದರೆಂಬುದೂ ಸರಿಯಲ್ಲ. ನಿಪ್ಪಾಣಿಯ ತಂಬಾಕಿನ ವಖಾರಗಳಲ್ಲಿ ಧೂಳುಂಡು ದುಡಿಯುತ್ತಿದ್ದ ಹೆಂಗಸರು 1980ರ ಸುಮಾರಿಗೆ ಸಂಘಟಿತರಾಗಿ ಕೂಲಿಗಾಗಿ ಹೋರಾಡಿದರು. 1982ರಲ್ಲಿ ಯುಗಾಂತರ ಎಂಬ ಮಹಿಳೆಯರ ಚಿತ್ರತಂಡ ಅವರ ಮೇಲೆ ಸಾಕ್ಷ್ಯಚಿತ್ರವನ್ನೇ ತೆಗೆಯಿತು. ಮಹಿಳಾ ಶಾಸಕಿಯನ್ನು ಆರಿಸಿದ ಊರು, ಅದಕ್ಕೆ ಮೂವತ್ತು ವರ್ಷ ಮೊದಲೇ ಹೆಂಗಸರ ಮುಷ್ಕರವನ್ನು ಕಂಡಿತ್ತು.

ಮಂತ್ರಿಯಾದ ಹೆಂಗಸಿಗೆ ಮಹಿಳಾ ಮತ್ತು ಮಕ್ಕಳ ಕಲ್ಯಾಣ ಖಾತೆಯೊಂದೇ ಗತಿಯೆಂಬ ಮಾತಿನಲ್ಲಿ ಅರ್ಧ ಸತ್ಯವಿದೆ. 2019ರ ಆಗಸ್ಟಿನಲ್ಲಿ ಯಡಿಯೂರಪ್ಪನವರ ಸಂಪುಟಕ್ಕೆ ಬಂದಾಗ ಶಶಿಕಲಾ ಅವರಿಗೆ ದೊರೆತದ್ದು ಆ ಖಾತೆಯೇ; 2021ರಲ್ಲಿ ಬೊಮ್ಮಾಯಿಯವರ ಸಂಪುಟದಲ್ಲಿ ದೊರೆತದ್ದು ಮುಜರಾಯಿ. ಅದಕ್ಕೂ ಮೊದಲು ರಾಜ್ಯದ ಸಚಿವೆಯಾಗಿದ್ದ ಶೋಭಾ ಕರಂದ್ಲಾಜೆಯವರು ಗ್ರಾಮೀಣಾಭಿವೃದ್ಧಿಯನ್ನೂ ಇಂಧನವನ್ನೂ ನಿರ್ವಹಿಸಿದ್ದರು. ಇದಕ್ಕಿಂತ ಗಮನಾರ್ಹವಾದುದು ಬೇರೊಂದಿದೆ: 2019ರ ಮತ್ತು 2021ರ ಆ ಎರಡೂ ಸಂಪುಟಗಳಲ್ಲಿ ಇದ್ದ ಏಕೈಕ ಮಹಿಳೆ ಶಶಿಕಲಾ ಜೊಲ್ಲೆ, 2023ರಲ್ಲಿ ಸಿದ್ದರಾಮಯ್ಯನವರು ರಚಿಸಿದ ಸಂಪುಟದಲ್ಲಿ ಏಕೈಕ ಮಹಿಳೆ ಲಕ್ಷ್ಮೀ ಹೆಬ್ಬಾಳ್ಕರ್. ಪಕ್ಷ ಬದಲಾಯಿತು, ಮುಖ್ಯಮಂತ್ರಿ ಬದಲಾದರು. ಒಬ್ಬಳೇ ಮಹಿಳೆ ಎಂಬ ಲೆಕ್ಕವೂ ಆಕೆ ಬೆಳಗಾವಿ ಜಿಲ್ಲೆಯವಳೆಂಬ ಸಂಗತಿಯೂ ಬದಲಾಗಲಿಲ್ಲ. ಜಿಲ್ಲೆಗೆ ಹೆಮ್ಮೆ ಎನ್ನಬೇಕೋ, ರಾಜ್ಯಕ್ಕೆ ನಾಚಿಕೆ ಎನ್ನಬೇಕೋ ನಾನರಿಯೆ.

ವ್ಯವಹಾರ ಮತ್ತು ರಾಜಕಾರಣಗಳಿಂದ ರಾಜತಂತ್ರದ ಕಡೆಗೆ ತಿರುಗಿದರೆ ಏಕಸಂಬಿಯನ್ನು ಬಿಟ್ಟು ಕೊಡಗಿನ ವಿರಾಜಪೇಟೆಗೆ ಹೋಗಬೇಕು. ಅಲ್ಲಿ 1924ರಲ್ಲಿ ಜನಿಸಿದ ಸಿ. ಬಿ. ಮುತ್ತಮ್ಮನವರು ಭಾರತದ ಮೊದಲ ಮಹಿಳಾ ರಾಯಭಾರಿ ಎಂದು ಬರೆಯುವವರಿದ್ದಾರೆ. ಆದರೆ 1947ರಲ್ಲಿಯೇ ವಿಜಯಲಕ್ಷ್ಮೀ ಪಂಡಿತರು ಮಾಸ್ಕೋಗೆ ರಾಯಭಾರಿಯಾಗಿ ಹೋಗಿದ್ದರು. ಅದು ಸರ್ಕಾರ ನೇರವಾಗಿ ಮಾಡಿದ ನೇಮಕ. ಪರೀಕ್ಷೆಯನ್ನು ಗೆದ್ದು 1949ರಲ್ಲಿ ವಿದೇಶಾಂಗ ಸೇವೆಯನ್ನು ಸೇರಿದ ಮೊದಲ ಮಹಿಳೆ, ಸೇವೆಯೊಳಗಿನಿಂದಲೇ ರಾಯಭಾರಿಯ ಪದವಿಗೇರಿದ ಮೊದಲ ಮಹಿಳೆ ಮುತ್ತಮ್ಮ. ಹಂಗೇರಿ, ಘಾನಾ, ನೆದರ್ಲೆಂಡ್ಸ್ ದೇಶಗಳಲ್ಲಿ ಅವರು ಭಾರತವನ್ನು ಪ್ರತಿನಿಧಿಸಿದರು.

ಸರ್ಕಾರದ ವಿರುದ್ಧ ಅವರು ಸುಪ್ರೀಂ ಕೋರ್ಟಿನಲ್ಲಿ ಗೆದ್ದರೆಂಬುದು ಅದಕ್ಕಿಂತಲೂ ಜನಪ್ರಿಯವಾದ ನಂಬಿಕೆ. ಅಂದಿನ ನಿಯಮಗಳ ಪ್ರಕಾರ ವಿದೇಶಾಂಗ ಸೇವೆಯ ಮಹಿಳೆ ಮದುವೆಯಾಗಲು ಸರ್ಕಾರದ ಲಿಖಿತ ಅನುಮತಿ ಪಡೆಯಬೇಕಾಗಿತ್ತು. ಸಂಸಾರದಿಂದ ಕೆಲಸಕ್ಕೆ ತೊಡಕೆಂದು ಸರ್ಕಾರಕ್ಕೆ ತೋರಿದರೆ ಆಕೆ ರಾಜೀನಾಮೆ ಕೊಡಬೇಕಾಗಿತ್ತು. ವಿವಾಹಿತೆಗೆ ನೇಮಕವನ್ನು ಹಕ್ಕಾಗಿ ಕೇಳುವ ಅಧಿಕಾರವೂ ಇರಲಿಲ್ಲ. ಬಡ್ತಿ ತಪ್ಪಿದ ಮುತ್ತಮ್ಮನವರು ಇವನ್ನು ಪ್ರಶ್ನಿಸಿದರು. 1979ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪೀಠ ನೀಡಿದ ಆದೇಶದಲ್ಲಿ ಅರ್ಜಿ ವಜಾ ಆಗಿದೆ. ಏಕೆಂದರೆ, ವಿಚಾರಣೆ ಮುಗಿಯುವುದರೊಳಗೆ ಸರ್ಕಾರ ಅವರಿಗೆ ಬಡ್ತಿಯನ್ನು ಕೊಟ್ಟಿತ್ತು. ವಿವಾಹಿತೆಯರ ಮೇಲಿನ ನಿರ್ಬಂಧವನ್ನು ಕೈಬಿಟ್ಟುದಾಗಿಯೂ ತಿಳಿಸಿತ್ತು. ಅರ್ಜಿಯನ್ನು ವಜಾ ಮಾಡುತ್ತಲೇ ನ್ಯಾಯಾಲಯ ಆ ನಿಯಮಗಳ ಲಿಂಗಭೇದವನ್ನು ಕಟುವಾಗಿ ಖಂಡಿಸಿತು. ಕಾಗದದ ಮೇಲೆ ಸೋತ ಮೊಕದ್ದಮೆಯೊಂದು ಮುಂದಿನವರಿಗೆ ಬಾಗಿಲು ತೆರೆದ ಬಗೆ ಇದು. ಮುತ್ತಮ್ಮನವರು ಸ್ವತಃ ಅವಿವಾಹಿತರಾಗಿಯೇ ಉಳಿದು 1982ರಲ್ಲಿ ನಿವೃತ್ತರಾದರು.

ಕೊನೆಯದಾಗಿ, ವಿದೇಶಾಂಗ ಸೇವೆ ಇಂಗ್ಲಿಷ್ ಶಾಲೆಯಲ್ಲಿ ಓದಿದವರ ಸ್ವತ್ತೆಂಬ ಅಳುಕು ಚಿಕ್ಕೋಡಿ, ರಾಯಬಾಗ, ಅಥಣಿಗಳ ತಾಯಿತಂದೆಯರಲ್ಲಿ ಇಂದಿಗೂ ಇದೆ. ಆ ಸೇವೆಗೆ ದಾರಿ ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆ. ಯಾವುದೇ ಪದವಿ ಪಡೆದು 21 ವರ್ಷ ತುಂಬಿದ ಹೆಣ್ಣುಮಗಳು ಅದಕ್ಕೆ ಅರ್ಜಿ ಹಾಕಬಹುದು. ಇಂಗ್ಲಿಷಿನ ಅರ್ಹತಾ ಪತ್ರಿಕೆಯೊಂದನ್ನು ದಾಟಬೇಕಾದರೂ, ಮುಖ್ಯ ಪರೀಕ್ಷೆಯ ವಿಷಯಗಳನ್ನು ಕನ್ನಡದಲ್ಲಿಯೇ ಬರೆಯಬಹುದು.